ಪೆಟ್ರೋಲ್ ವಾಸನೆ ಬಂದರೆ ಗಾಡಿ ಹೊರಡಬಾರದು: ಹಳೇ ಕಾರಿನ ಎಂಜಿನ್ ಬೆಂಕಿಗೆ ಮೊದಲೇ ತಯಾರಾಗುವ ಬಗೆ

ಹುಲಿಗೆಮ್ಮನ ಗುಡಿಗೆ ಹೊರಟಿದ್ದೆವು. ಏಪ್ರಿಲ್ ತಿಂಗಳು, ಬೆಳಿಗ್ಗೆ ಹತ್ತೂವರೆ. ಅಪ್ಪನ ಕಾಲದ ಅಂಬಾಸಿಡರ್. ಹಿಂದಿನ ಸೀಟಿನಲ್ಲಿ ಅವ್ವ ಮತ್ತು ನನ್ನ ಮಗಳು. ಬಳ್ಳಾರಿ ಬಿಟ್ಟು ಕುಡುತಿನಿ ಹತ್ತಿರ ಬಂದಾಗ ರಸ್ತೆ ಕೆಲಸ ನಡೆದಿತ್ತು. ಅದಿರು ಲಾರಿಗಳ ಸಾಲಿನ ಹಿಂದೆ ಹದಿನೈದು ನಿಮಿಷ ನಿಂತೆವು. ಎಂಜಿನ್ ಬಂದ್ ಮಾಡಿರಲಿಲ್ಲ. ಬೈಕಿನವನೊಬ್ಬ ಕಿಟಕಿ ಬಡಿದು, "ಅಣ್ಣಾ, ಮುಂದ ಹೊಗಿ ಬರಾಕತ್ತೈತಿ, ಮೊದ್ಲ ಇಳೀರಿ!" ಅಂದ.

ಅವ್ವನನ್ನೂ ಮಗಳನ್ನೂ ಇಳಿಸಿದೆ. ಆಮೇಲೆ ಮಾಡಬಾರದ್ದು ಮಾಡಿದೆ. ಓಡಿ ಹೋಗಿ ಬಾನೆಟ್ ಪೂರ್ತಿ ಎತ್ತಿದೆ. ಒಳಗೆ ಅಂಗೈ ಅಗಲ ಇದ್ದ ಉರಿ ಗಾಳಿ ಸಿಕ್ಕ ಕೂಡಲೇ ಭುಗ್ ಎಂದು ಎದೆಮಟ್ಟ ಎದ್ದಿತು. ಹುಬ್ಬು, ಮುಂಗೂದಲು ಸುಟ್ಟವು. ಮುಂದಿನ ಲಾರಿಯ ಡ್ರೈವರ್ ತನ್ನ ಕ್ಯಾಬಿನ್ನಿನಿಂದ ಫೈರ್ ಸಿಲಿಂಡರ್ ತಂದು ಪೌಡರ್ ಹೊಡೆದರು. ಅವರು ಅಲ್ಲಿ ಇರದಿದ್ದರೆ ಗಾಡಿ ಉಳಿಯುತ್ತಿರಲಿಲ್ಲ. ನನ್ನ ಹತ್ತಿರ ಸಿಲಿಂಡರ್ ಇರಲೇ ಇಲ್ಲ.

ಕಾರಣ ಹುಡುಕಿದಾಗ ಸಿಕ್ಕಿದ್ದು ಗೇಣುದ್ದದ ಒಂದು ರಬ್ಬರ್ ಪೈಪ್. ಗಾಡಿಯೊಳಗಿನ ಪೆಟ್ರೋಲ್ ಪಂಪಿನಿಂದ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿಗೆ ಹೋಗುವ ಪೈಪ್ ಅದು. ಕ್ಲಿಪ್ ಕೂರಬೇಕಾದ ಜಾಗದಲ್ಲಿ, ತಂತಿ ಸುತ್ತಿ ಬಿಗಿದಲ್ಲಿ ಒಣಗಿ ಸೀಳಿತ್ತು. ಆ ವಾರವೆಲ್ಲ ಗಾಡಿಯಲ್ಲಿ ಪೆಟ್ರೋಲ್ ವಾಸನೆ ಇತ್ತು. ಮೆಕ್ಯಾನಿಕ್‌ಗೆ ತೋರಿಸಿದ್ದೆ ಕೂಡ. "ಹಳೇ ಗಾಡಿ ಅಂದ್ರ ಸ್ವಲ್ಪ ವಾಸನಿ ಇದ್ದೇ ಇರತೈತಿ" ಅಂದಿದ್ದರು. ನಾನೂ ಒಪ್ಪಿಕೊಂಡಿದ್ದೆ.

ಆ ಮಾತನ್ನು ನೀವು ಒಪ್ಪಿಕೊಳ್ಳಬೇಡಿ ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಕಾಂಟೆಸ್ಸಾ, ಹಳೇ ಪೆಟ್ರೋಲ್ ಜೀಪ್, ಯಾವುದೇ ಇರಲಿ. ಪೈಪ್ ಸರಿ ಇದ್ದರೆ ವಾಸನೆ ಬರುವುದಿಲ್ಲ. ವಾಸನೆ ಬಂತು ಅಂದರೆ ಪೆಟ್ರೋಲ್ ಎಲ್ಲೋ ಹೊರಗೆ ಬಂದಿದೆ ಅಂತಲೇ ಅರ್ಥ.

ಉರಿ ಹುಟ್ಟುವ ಜಾಗ

ಪೆಟ್ರೋಲ್ ಮೈನಸ್ 40 ಡಿಗ್ರಿ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಬಳ್ಳಾರಿ, ರಾಯಚೂರು ಕಡೆ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಬಾನೆಟ್ ಒಳಗಿನ ಕಾವು ಇನ್ನೂ ಜಾಸ್ತಿ. ಆವಿ ಗಾಳಿಗಿಂತ ಭಾರ, ಹಾಗಾಗಿ ಮೇಲೆ ಹಾರಿ ಹೋಗದೆ ಕೆಳಗೆ, ಎಂಜಿನ್ ಚಾಲೂ ಮಾಡುವ ಸೆಲ್ಫ್ ಮೋಟರಿನ ಆಸುಪಾಸು ಕೂರುತ್ತದೆ. ಹೊತ್ತಿಸಲು ಡೈನಮೊ, ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್, ಸೆಲ್ಫ್ ಇವುಗಳ ಒಂದು ಕಿಡಿ ಸಾಕು. ಕಿಡಿ ಇಲ್ಲದಿದ್ದರೂ ಚೆನ್ನಾಗಿ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಒಯ್ಯುವ ಕಬ್ಬಿಣದ ಕೊಳವೆ) ಆ ಕೆಲಸ ಮಾಡಬಲ್ಲದು.

ಹಳೆಯ ಅಂಬಾಸಿಡರಿನ 1489 ಸಿಸಿ ಎಂಜಿನ್ ನೋಡಿದವರಿಗೆ ಗೊತ್ತಿರುತ್ತದೆ. ಅದರಲ್ಲಿ ಕಾರ್ಬುರೇಟರೂ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಒಂದೇ ಪಕ್ಕದಲ್ಲಿವೆ. ಮೇಲೆ ಪೆಟ್ರೋಲ್, ಕೆಳಗೆ ಕೆಂಡದಂಥ ಕಬ್ಬಿಣ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು, ಅಂದರೆ ಫ್ಲೋಟ್ ಚೇಂಬರ್, ತುಂಬಿ ತುಳುಕಿದರೆ ಹನಿ ಬೀಳುವುದು ನೇರ ಅದರ ಮೇಲೆಯೇ. ಓಡುವಾಗ ಮುಂದಿನಿಂದ ನುಗ್ಗುವ ಗಾಳಿ ಆವಿಯನ್ನು ಹೊತ್ತೊಯ್ಯುತ್ತದೆ. ನಿಂತಾಗ ಹಾಗಿಲ್ಲ. ಅದಕ್ಕೇ ರೈಲ್ವೆ ಗೇಟ್, ಟ್ರಾಫಿಕ್ ಜಾಮ್, ಬಂದ್ ಮಾಡಿದ ಮೊದಲ ಹತ್ತು ನಿಮಿಷ, ಇವು ಹೆಚ್ಚು ಅಪಾಯದ ಹೊತ್ತು.

ಪೈಪಿನಿಂದ ಶುರು ಮಾಡಿ

ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ ಈ ಕೆಲಸ ಮಾಡಿ. ಬೀಡಿ, ಸಿಗರೇಟು, ಊದುಬತ್ತಿ ದೂರ ಇರಲಿ. ಬ್ಯಾಟರಿಯ ಅರ್ತ್ ತಂತಿ ಬಿಚ್ಚಿಡಿ. ಟಾರ್ಚ್ ಹಿಡಿದು ಟ್ಯಾಂಕಿನಿಂದ ಕಾರ್ಬುರೇಟರ್ ತನಕ ಪೆಟ್ರೋಲ್ ಹೋಗುವ ದಾರಿಯನ್ನು ಬೆರಳಿಟ್ಟು ಹಿಂಬಾಲಿಸಿ. ಉಕ್ಕಿನ ಪೈಪ್ ತುಕ್ಕು ಹಿಡಿದಿದೆಯಾ? ಚಾಸಿಗೆ (ಗಾಡಿಯ ಅಡಿಕಟ್ಟಿಗೆ) ಉಜ್ಜುತ್ತಿದೆಯಾ? ಎಲ್ಲೆಲ್ಲಿ ರಬ್ಬರ್ ತುಂಡುಗಳಿವೆ? ಸಾಮಾನ್ಯವಾಗಿ ಟ್ಯಾಂಕಿನ ಹತ್ತಿರ ಒಂದು, ಪಂಪಿನ ಹಿಂದೆ ಒಂದು, ಪಂಪಿನ ಮುಂದೆ ಒಂದು ಇರುತ್ತವೆ. ಮೊದಲನೆಯದನ್ನು ಯಾರೂ ನೋಡುವುದಿಲ್ಲ, ಗಾಡಿ ಕೆಳಗೆ ಮಲಗಿದರೆ ಮಾತ್ರ ಅದು ಕಾಣುತ್ತದೆ. ದಯವಿಟ್ಟು ಮಲಗಿ ನೋಡಿ.

ರಬ್ಬರನ್ನು ಎರಡು ಬೆರಳಲ್ಲಿ ಒತ್ತಿ, ಬಾಗಿಸಿ. ಗಟ್ಟಿಯಾಗಿದ್ದರೆ, ಮೇಲೆ ಸಣ್ಣ ಬಿರುಕು ಕಂಡರೆ, ಅಥವಾ ಉಬ್ಬಿ ಅಂಟಂಟಾಗಿದ್ದರೆ ಬದಲಿಸಿ. ಉಬ್ಬುವುದಕ್ಕೆ ಈಗ ಹೊಸದೊಂದು ಕಾರಣ ಸೇರಿದೆ. ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ನಮ್ಮ ಗಾಡಿಗಳು ತಯಾರಾದ ಕಾಲದ ರಬ್ಬರ್, ಕಾರ್ಕ್ ಗ್ಯಾಸ್ಕೆಟ್, ಪಂಪಿನೊಳಗಿನ ಪೊರೆ (ಡಯಾಫ್ರಾಮ್) ಇವನ್ನೆಲ್ಲ ಎಥೆನಾಲಿಗೆ ಅಂತ ಮಾಡಿರಲಿಲ್ಲ. ಅಂಗಡಿಯಲ್ಲಿ "ಪೆಟ್ರೋಲ್ ಪೈಪ್ ಕೊಡಿ" ಅಂದರೆ ನೀರಿನ ಪೈಪಿನಂಥದ್ದನ್ನೂ ಕೊಟ್ಟುಬಿಡುತ್ತಾರೆ. ಎಥೆನಾಲ್ ತಡೆಯುವ ಪೈಪ್ ಬೇಕು ಅಂತ ಬಿಡಿಸಿ ಕೇಳಿ. ಪೈಪಿನ ಮೈಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಒಳ ಅಳತೆ ಸರಿಯಾಗಿರಲಿ. ಸಡಿಲ ಪೈಪನ್ನು ಕ್ಲಿಪ್ ಬಿಗಿದು ಹೊಂದಿಸುವುದು ಬೇಡ. ತಂತಿ ಸುತ್ತಿ ಬಿಗಿಯುವುದಂತೂ ಬೇಡವೇ ಬೇಡ, ತಂತಿ ರಬ್ಬರನ್ನು ಕೊಯ್ಯುತ್ತದೆ. ನನ್ನ ಪೈಪ್ ಸೀಳಿದ್ದು ಹಾಗೆಯೇ.

ಎಂಜಿನ್ ಪಕ್ಕ ತೂಗುಬಿಟ್ಟ ಪ್ಲಾಸ್ಟಿಕ್ ಫಿಲ್ಟರ್ ಇದ್ದರೆ ತೆಗೆಸಿ. ಲೋಹದ ಫಿಲ್ಟರನ್ನು ಹಿಂದೆ, ಚಾಸಿ ಪಕ್ಕದಲ್ಲಿ ಕೂರಿಸಿ. ಅಲ್ಲೇ ಒಂದು ಪೆಟ್ರೋಲ್ ಕಾಕ್ ಹಾಕಿಸಿದರೆ ಇನ್ನೂ ಒಳ್ಳೆಯದು. ಗಾಡಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವಾಗ ಕಾಕ್ ಬಂದ್ ಮಾಡಿಡಬಹುದು.

ಇನ್ನು ಕಾರ್ಬುರೇಟರ್. ಟ್ಯಾಂಕಿನ ತುಕ್ಕಿನ ಚೂರೊಂದು, ಪೆಟ್ರೋಲನ್ನು ತಡೆಯುವ ಫ್ಲೋಟಿನ ಸೂಜಿ ಕೂರುವ ಜಾಗದಲ್ಲಿ ಸಿಕ್ಕಿಕೊಂಡರೆ ಪೆಟ್ರೋಲ್ ನಿಲ್ಲದೆ ಸುರಿಯುತ್ತದೆ. ತುಂಬಾ ದಿನ ನಿಂತ ಗಾಡಿಯನ್ನು ಮೊದಲ ಸಲ ಚಾಲೂ ಮಾಡುವಾಗ ಇದು ಹೆಚ್ಚು. ಹಾಗಾಗಿ ದಸರಾ ಪೂಜೆಗೆ ಅಂತ ವರ್ಷಕ್ಕೊಮ್ಮೆ ಗಾಡಿ ಹೊರತೆಗೆಯುವವರು ಅವತ್ತೇ ಸವಾರಿ ಹೊರಡಬೇಡಿ. ಬಾನೆಟ್ ತೆರೆದಿಟ್ಟು, ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು, ಒಬ್ಬರು ಸ್ಟಾರ್ಟ್ ಮಾಡಿ, ಇನ್ನೊಬ್ಬರು ದೂರದಿಂದ ಗಮನಿಸಿ. ಇಪ್ಪತ್ತು ನಿಮಿಷ ಓಡಿಸಿ ಬಂದ್ ಮಾಡಿ. ಹತ್ತು ನಿಮಿಷ ಬಿಟ್ಟು ಮತ್ತೆ ಮೂಸಿ ನೋಡಿ. ಒಳಗಿನ ಕಾವಿಗೆ ಪೆಟ್ರೋಲ್ ಕುದಿದು ಉಕ್ಕುವುದು ಆಗಲೇ ತಿಳಿಯುತ್ತದೆ.

ನಮ್ಮ ಕಡೆಯ ಎರಡು ರೂಢಿ

ಬೇಸಿಗೆಯಲ್ಲಿ ವೇಪರ್ ಲಾಕ್ ಆಗಿ ಗಾಡಿ ನಿಲ್ಲುತ್ತದೆ. ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ ಪಂಪ್ ಎಳೆಯುವುದಿಲ್ಲ. ಅದಕ್ಕೆ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುವುದು ಹಳಬರೆಲ್ಲ ಮಾಡುತ್ತಿದ್ದ ಉಪಾಯ. ಅದು ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ನಮ್ಮ ಬಿಸಿಲಿಗೆ ಬಟ್ಟೆ ಸ್ವಲ್ಪ ಹೊತ್ತಿಗೇ ಒಣಗುತ್ತದೆ. ಪಂಪ್ ಒಸರುತ್ತಿದ್ದರೆ ಅದೇ ಬಟ್ಟೆ ಪೆಟ್ರೋಲ್ ಕುಡಿದು ದೀಪದ ಬತ್ತಿಯಾಗುತ್ತದೆ. ಬಟ್ಟೆ ಸುತ್ತಿದರೆ ಗಾಡಿ ತಣ್ಣಗಾದ ಮೇಲೆ ತೆಗೆದುಹಾಕಿ, ಅದನ್ನಿಟ್ಟುಕೊಂಡು ಓಡಿಸಬೇಡಿ. ನಿಜವಾದ ಪರಿಹಾರ ಅಂದರೆ ಪೈಪನ್ನು ಮ್ಯಾನಿಫೋಲ್ಡಿನಿಂದ ದೂರ ಒಯ್ಯುವುದು, ನಡುವೆ ತಗಡಿನ ಹೀಟ್ ಶೀಲ್ಡ್ ಹಾಕಿಸುವುದು, ರೇಡಿಯೇಟರ್ ಶುದ್ಧ ಮಾಡಿಸುವುದು.

ಕೆಲವರು ಎಲೆಕ್ಟ್ರಿಕ್ ಪಂಪ್ ಹಾಕಿಸುತ್ತಾರೆ. ಎಂಜಿನ್ ನಿಂತರೆ ಹಳೆಯ ಮೆಕ್ಯಾನಿಕಲ್ ಪಂಪೂ ನಿಲ್ಲುತ್ತದೆ. ಎಲೆಕ್ಟ್ರಿಕ್ ಪಂಪ್ ಹಾಗಲ್ಲ. ಕೀ ಆನ್ ಇರುವ ತನಕ ಒಡೆದ ಪೈಪಿನಿಂದಲೂ ಪೆಟ್ರೋಲ್ ಚಿಮ್ಮಿಸುತ್ತಲೇ ಇರುತ್ತದೆ. ಹಾಕಿಸಿದರೆ ಅಪಘಾತದ ಪೆಟ್ಟಿಗೆ ಪಂಪ್ ಬಂದ್ ಮಾಡುವ ಇನರ್ಶಿಯಾ ಸ್ವಿಚ್ಚನ್ನೂ ಜೊತೆಗೇ ಹಾಕಿಸಿ.

ಎರಡನೆಯ ರೂಢಿ ಬಾಟಲಿಯದು. ಗಾಡಿ ಸ್ಟಾರ್ಟ್ ಆಗದಿದ್ದರೆ ಏರ್ ಕ್ಲೀನರ್ ಬಿಚ್ಚಿ, ನೀರಿನ ಬಾಟಲಿಯಿಂದ ಕಾರ್ಬುರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುವುದು. ಗ್ಯಾರೇಜುಗಳಲ್ಲಿ ದಿನಾ ನೋಡುತ್ತೇವೆ ಅಲ್ವಾ? ಕಿಡಿ ಬೀಳುವ ಹೊತ್ತು (ಟೈಮಿಂಗ್) ಸ್ವಲ್ಪ ತಪ್ಪಿದ್ದರೂ ಎಂಜಿನ್ ಕಾರ್ಬುರೇಟರ್ ಮೂಲಕವೇ ಉರಿಯನ್ನು ಹಿಂದಕ್ಕೆ ಉಗುಳುತ್ತದೆ. ಆ ಹೊತ್ತಿಗೆ ಹುಡುಗನ ಕೈಯಲ್ಲಿ ತೆರೆದ ಬಾಟಲಿ ಇರುತ್ತದೆ. ಗಾಬರಿಯಲ್ಲಿ ಬಾಟಲಿ ಬೀಸಿದರೆ ಉರಿ ಅಂಗಿಗೂ ಪಕ್ಕದ ಗಾಡಿಗೂ ಹತ್ತುತ್ತದೆ. ನಿಮ್ಮ ಗಾಡಿಗೆ ಹೀಗೆ ಮಾಡಲು ಬಿಡಬೇಡಿ. ಮೆಕ್ಯಾನಿಕ್ ಎಷ್ಟೇ ಹಳಬರಾಗಿರಲಿ, ಬೇಡ ಅನ್ನಿ. ಪಂಪಿನ ಕೈ ಲಿವರ್ ಇದ್ದರೆ ಅದನ್ನು ಒತ್ತಿ ಪೆಟ್ರೋಲ್ ತುಂಬಿಸಬಹುದು. ಏರ್ ಕ್ಲೀನರ್ ಬರೀ ಧೂಳಿಗೆ ಇರುವುದಲ್ಲ, ಇಂಥ ಹಿಮ್ಮುಖ ಉರಿಯನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಅದಿಲ್ಲದೆ ಓಡಿಸಬೇಡಿ.

ವೈರು

ಹಳೆಯ ಗಾಡಿಗಳಲ್ಲಿ ಹಲವಕ್ಕೆ ಎರಡೇ ಫ್ಯೂಸ್. ಎಷ್ಟೋ ಲೈನುಗಳು ಫ್ಯೂಸೇ ಇಲ್ಲದೆ ಓಡುತ್ತಿರುತ್ತವೆ. ಅದರ ಮೇಲೆ ನಾವು ಜೋರು ಹೆಡ್‌ಲೈಟ್, ಎರಡು ಹಾರ್ನ್, ಫ್ಯಾನ್, ಟೇಪ್ ಎಲ್ಲ ಸೇರಿಸಿದ್ದೇವೆ. ಹೊಸದಾಗಿ ಸೇರಿಸಿದ ಪ್ರತಿ ಸಾಮಾನಿಗೂ ಬ್ಯಾಟರಿ ಹತ್ತಿರವೇ ಬೇರೆ ಫ್ಯೂಸ್ ಹಾಕಿಸಿ, ಹೆಡ್‌ಲೈಟಿಗೆ ಜೋರು ಕರೆಂಟು ಸ್ವಿಚ್ಚಿನ ಮೂಲಕ ಹಾಯದಂತೆ ರಿಲೇ ಹಾಕಿಸಿ. ಎಂಜಿನ್ನಿಗೂ ಸೀಟಿಗೂ ನಡುವಿನ ತಗಡುಗೋಡೆಯ (ಫೈರ್‌ವಾಲ್) ತೂತಿನಲ್ಲಿ ವೈರು ಹಾದುಬರುವ ಕಡೆ ವೈರು ಉಜ್ಜದಂತೆ ರಬ್ಬರ್ ಬಳೆ (ಗ್ರಾಮೆಟ್) ಇರಲಿ.

ಜಾಸ್ತಿ ಜನಕ್ಕೆ ಗೊತ್ತಿರದ ಒಂದು ಸಂಗತಿ ಇದೆ. ಎಂಜಿನ್ನಿನಿಂದ ಗಾಡಿಯ ಬಾಡಿಯವರೆಗೆ, ಹೆಣೆದ ತಾಮ್ರದ ಅರ್ತ್ ಪಟ್ಟಿಯೊಂದು ಇರುತ್ತದೆ. ಅದು ಕಡಿದುಹೋಗಿದ್ದರೆ ಸೆಲ್ಫ್ ಹೊಡೆದಾಗ ಅಷ್ಟೂ ಕರೆಂಟು ಬೇರೆ ದಾರಿ ಹುಡುಕುತ್ತದೆ. ಸಿಗುವುದು ಚೋಕ್ ಕೇಬಲ್ ಅಥವಾ ಆಕ್ಸಲರೇಟರ್ ಕೇಬಲ್. ಅವು ಕೆಂಪಗೆ ಕಾಯುತ್ತವೆ, ಅದೂ ಕಾರ್ಬುರೇಟರ್ ಪಕ್ಕದಲ್ಲೇ. ಸೆಲ್ಫ್ ಹೊಡೆದಾಗ ಚೋಕ್ ಗುಬ್ಬಿ ಬಿಸಿಯಾದರೆ ಅವತ್ತೇ ಆ ಪಟ್ಟಿ ನೋಡಿಸಿ.

ಬ್ಯಾಟರಿ ಅಲುಗಾಡದಂತೆ ಪಟ್ಟಿ ಬಿಗಿಯಿರಿ. ಬ್ಯಾಟರಿಯ ಕರೆಂಟನ್ನೇ ಕಡಿಯುವ ಒಂದು ಕಟ್-ಆಫ್ ಸ್ವಿಚ್ ಹಾಕಿಸಿ, ಸೀಟಿನಿಂದಲೇ ಕೈಗೆ ಸಿಗುವ ಜಾಗದಲ್ಲಿ. ಇದರಿಂದ ಗಾಡಿಯ ಮೂಲ ರೂಪ ಕೆಡುತ್ತದೆ ಅಂತ ಕೆಲವು ಗೆಳೆಯರು ಹಿಂಜರಿಯುತ್ತಾರೆ. 50 ವರ್ಷ ದಾಟಿದ ಗಾಡಿಗಳ ವಿಂಟೇಜ್ ನೋಂದಣಿಗೆ 2021ರಲ್ಲಿ ಬಂದ ನಿಯಮ ನೋಡುವುದು ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿದೆಯೇ ಅಂತ. ರಬ್ಬರ್ ಪೈಪು, ಫ್ಯೂಸು, ಸ್ವಿಚ್ಚು ಅಂಥ ಬದಲಾವಣೆಗಳಲ್ಲ. ಸುಟ್ಟ ಮೇಲೆ ಮೂಲ ರೂಪ ಎಲ್ಲಿ ಉಳಿಯುತ್ತದೆ ಹೇಳಿ.

ಕೆಂಪು ಧೂಳು, ಹತ್ತಿ, ಹೊಟ್ಟು

ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಯ ಬಾನೆಟ್ ತೆಗೆದರೆ ಎಲ್ಲವೂ ಕೆಂಪು. ಟ್ಯಾಪೆಟ್ ಕವರಿನಿಂದ ಒಸರಿದ ಆಯಿಲಿಗೆ ಆ ಧೂಳು ಮೆತ್ತಿ ದಪ್ಪ ಹೆಂಟೆಯಾಗುತ್ತದೆ. ಅದು ಸೋರಿಕೆಯನ್ನು ಮುಚ್ಚಿಡುತ್ತದೆ, ಉರಿ ಬಂದರೆ ಹಿಡಿದಿಡುತ್ತದೆ. ಬೇಸಿಗೆಗೆ ಮೊದಲು ಒಮ್ಮೆ ಎಂಜಿನ್ ಪೂರ್ತಿ ತೊಳೆಸಿ. ಆಮೇಲೆ ಹೊಸ ಒದ್ದೆ ಕಲೆ ಎಲ್ಲಿ ಕಂಡರೂ ಅದು ಎಲ್ಲಿಂದ ಬಂತು ಅಂತ ಹುಡುಕಿ.

ಹತ್ತಿ ಬೆಳೆಯುವ ನಮ್ಮ ಊರುಗಳಲ್ಲಿ ಇಲಿ ಗೂಡು ಕಟ್ಟುವುದೂ ಹತ್ತಿಯಲ್ಲೇ. ನಿಂತ ಗಾಡಿಯ ಬೆಚ್ಚಗಿನ ಮ್ಯಾನಿಫೋಲ್ಡ್ ಮೇಲೆ ಹಿಡಿ ಹತ್ತಿ ತಂದಿಡುತ್ತವೆ, ಪಕ್ಕದ ವೈರನ್ನೂ ಕಡಿದಿರುತ್ತವೆ. ವಾರಕ್ಕಿಂತ ಜಾಸ್ತಿ ನಿಂತ ಗಾಡಿಯನ್ನು ಬಾನೆಟ್ ತೆಗೆದು ನೋಡದೆ ಸ್ಟಾರ್ಟ್ ಮಾಡಬೇಡಿ. ಬಳ್ಳಾರಿ ಜಾಲಿಯ ಒಣ ತರಗಿನ ಮೇಲೆ, ಒಣ ಹುಲ್ಲಿನ ಮೇಲೆ ಬಿಸಿ ಗಾಡಿ ನಿಲ್ಲಿಸಬೇಡಿ.

ಸುಗ್ಗಿ ಕಾಲದ ಮಾತು ಬೇರೆಯೇ. ಕೊಪ್ಪಳ, ಕುಷ್ಟಗಿ, ಲಿಂಗಸುಗೂರು ಸುತ್ತ ಒಳರಸ್ತೆಗಳಲ್ಲಿ ಹೋದರೆ ಹುರುಳಿ, ತೊಗರಿ, ಸಜ್ಜೆ ರಸ್ತೆಗೆ ಹಾಸಿರುವುದು ಕಾಣುತ್ತದೆ. ಕಣ ಮಾಡಲು ಜಾಗವಿಲ್ಲದ ರೈತರ ಕಷ್ಟ ನನಗೆ ಅರ್ಥವಾಗುತ್ತದೆ, ನಮ್ಮ ಮನೆಯಲ್ಲೂ ಒಕ್ಕಣೆ ನಡೆದದ್ದು ನೋಡಿದ್ದೇನೆ. ಆದರೆ ಅಂಬಾಸಿಡರ್, ಪದ್ಮಿನಿಯಂಥ ಗಾಡಿಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎಂಬ ಉದ್ದನೆಯ ದಂಡ ಗಾಡಿಯ ಕೆಳಗೆ ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲಿನವರೆಗೆ ತಿರುಗುತ್ತಿರುತ್ತದೆ. ಸೈಲೆನ್ಸರ್ ಪೈಪೂ ಹೊಟ್ಟೆಯ ಕೆಳಗೇ ಇರುತ್ತದೆ. ಹುರುಳಿ ಬಳ್ಳಿ ಶಾಫ್ಟಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಉಜ್ಜಿ ಉಜ್ಜಿ ಕಾದು, ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುತ್ತದೆ. ಉರಿ ಕೆಳಗೆ ಇರುವುದರಿಂದ ಒಳಗಿದ್ದವರಿಗೆ ತಿಳಿಯುವುದು ತಡವಾಗಿ. ಬೇರೆ ದಾರಿ ಇದ್ದರೆ ಬಳಸಿ ಹೋಗಿ. ಇಲ್ಲದಿದ್ದರೆ ನಿಧಾನವಾಗಿ ದಾಟಿ, ಹೊಟ್ಟು ಮುಗಿದ ಮೇಲೆ ಬರೀ ನೆಲದ ಮೇಲೆ ನಿಲ್ಲಿಸಿ ಬಗ್ಗಿ ನೋಡಿ. ಡಿಕ್ಕಿಯಲ್ಲಿ ಒಂದು ಕುಡುಗೋಲು ಇಟ್ಟಿದ್ದೇನೆ, ಸುತ್ತಿದ್ದನ್ನು ಕೊಯ್ದು ತೆಗೆಯಲು. ಸೈಲೆನ್ಸರಿಗೆ ಕೈ ತಾಗದಂತೆ ನೋಡಿಕೊಳ್ಳಿ.

ಸಿಲಿಂಡರ್ ಯಾವುದು, ಎಲ್ಲಿ

ಕಟ್ಟಿಗೆ, ಎಣ್ಣೆ, ಗ್ಯಾಸ್ ಬೆಂಕಿಗೆಲ್ಲ ಆಗುವ ಎಬಿಸಿ ಪೌಡರ್ ತುಂಬಿದ 2 ಕೆಜಿಯದು ತೆಗೆದುಕೊಳ್ಳಿ. 1 ಕೆಜಿಯದು ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿಯಾಗುತ್ತದೆ, ಗಾಬರಿಯಲ್ಲಿ ಅರ್ಧ ಗಾಳಿಗೇ ಹೋಗುತ್ತದೆ. ಐಎಸ್‌ಐ ಗುರುತು, ಐಎಸ್ 15683 ಎಂಬ ಸಂಖ್ಯೆ ನೋಡಿ. ಸಿಓ2 ಸಿಲಿಂಡರ್ ಕೊಳೆ ಉಳಿಸುವುದಿಲ್ಲ ನಿಜ, ಆದರೆ ಬಯಲಿನ ಗಾಳಿಗೆ ಚದುರಿಹೋಗುತ್ತದೆ, ಕಾದ ಕಬ್ಬಿಣದ ಮೇಲೆ ಉರಿ ಮತ್ತೆ ಏಳುತ್ತದೆ. ರಸ್ತೆಗೆ ನನಗೆ ಪೌಡರೇ ಸರಿ ಅನ್ನಿಸುತ್ತದೆ.

ಡಿಕ್ಕಿಯಲ್ಲಿ ಸ್ಟೆಪ್ನಿ ಕೆಳಗೆ ಇಟ್ಟರೆ ಇಲ್ಲದ ಹಾಗೆಯೇ. ಮುಂದಿನ ಸೀಟಿನ ಬುಡದಲ್ಲಿ, ನೆಲಕ್ಕೆ ಲೋಹದ ಪಟ್ಟಿಯಿಂದ ಬಿಗಿದಿಡಿ. ಬಿಸಿಲು ನೇರ ಬೀಳುವ ಜಾಗ ಬೇಡ. ಎಷ್ಟು ಡಿಗ್ರಿವರೆಗೆ ಇಡಬಹುದು ಅಂತ ಲೇಬಲ್ ಮೇಲೇ ಬರೆದಿರುತ್ತದೆ, ಮುಚ್ಚಿದ ಕಾರು ನಮ್ಮ ಬಿಸಿಲಿಗೆ ಆ ಮಿತಿಗೆ ಬೇಗ ಮುಟ್ಟುತ್ತದೆ. ತಿಂಗಳಿಗೊಮ್ಮೆ ಗೇಜಿನ ಮುಳ್ಳು ಹಸಿರಿನಲ್ಲಿದೆಯಾ ನೋಡಿ. ಗಾಡಿಯ ಅದುರಾಟಕ್ಕೆ ಪೌಡರ್ ತಳದಲ್ಲಿ ಗಟ್ಟಿಯಾಗುತ್ತದೆ. ಹಾಗಾಗಿ ತೆಗೆದು ತಲೆಕೆಳಗು ಮಾಡಿ ನಾಲ್ಕು ಸಲ ಅಲ್ಲಾಡಿಸಿ ಇಡಿ.

ಮನೆಯವರೆಲ್ಲರಿಗೂ ಪಿನ್ ಎಲ್ಲಿದೆ ತೋರಿಸಿ. ನಾವು ತಿಂಗಳಿಗೊಮ್ಮೆ ಅಂಗಳದಲ್ಲಿ ಅಭ್ಯಾಸ ಮಾಡುತ್ತೇವೆ. "ಬೆಂಕಿ" ಅಂದ ಕೂಡಲೇ ಅವ್ವ ಮತ್ತು ಮಗಳು ಇಳಿದು ರಸ್ತೆಯಿಂದ ದೂರ ಎಡಕ್ಕೆ ನಡೆಯಬೇಕು. ಮೊದಲ ಸಲ ಹಿಂದಿನ ಬಾಗಿಲಿನ ಹಿಡಿ ಬಿಗಿಯಾಗಿ ಅವ್ವನಿಗೆ ತೆಗೆಯಲಾಗಲಿಲ್ಲ. ಮರುದಿನವೇ ಎಣ್ಣೆ ಹಾಕಿ ಸರಿ ಮಾಡಿಸಿದೆ.

ಹೊತ್ತಿಕೊಂಡೇಬಿಟ್ಟರೆ

1. ಎಡಕ್ಕೆ ತೆಗೆದುಕೊಂಡು ನಿಲ್ಲಿಸಿ. ಬಂಕ್, ಬಣವೆ, ಬೇರೆ ಗಾಡಿಗಳ ಪಕ್ಕ ಬೇಡ. ಕೀ ಆಫ್, ಹ್ಯಾಂಡ್‌ಬ್ರೇಕ್, ಕಟ್-ಆಫ್ ಸ್ವಿಚ್.

2. ಎಲ್ಲರನ್ನೂ ಇಳಿಸಿ. ಮೂವತ್ತು ಮೀಟರಾದರೂ ದೂರ ಕಳಿಸಿ. ಚೀಲ, ಕಾಗದ, ಮೊಬೈಲ್ ಚಾರ್ಜರ್ ಅಂತ ಯಾರೂ ಮರಳಿ ಬರಬಾರದು.

3. ದೂರ ಹೋದವರಲ್ಲಿ ಒಬ್ಬರು 112ಕ್ಕೆ ಅಥವಾ 101ಕ್ಕೆ ಫೋನ್ ಮಾಡಲಿ. ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಹತ್ತಿರದ ಊರು ಹೇಳಲಿ.

4. ಉರಿ ಚಿಕ್ಕದಿದ್ದರೆ ಮಾತ್ರ ಸಿಲಿಂಡರ್ ಹಿಡಿಯಿರಿ. ಗಾಳಿ ನಿಮ್ಮ ಬೆನ್ನಿನಿಂದ ಬೀಸುವ ಕಡೆ ನಿಲ್ಲಿ. ಬಾನೆಟ್ ಎತ್ತಬೇಡಿ. ಲಾಕ್ ಬಿಟ್ಟಾಗ ಆಗುವ ಎರಡು ಬೆರಳಿನ ಸಂದಿನಲ್ಲಿ, ಅಥವಾ ಗ್ರಿಲ್ ಮೂಲಕ, ಚಕ್ರದ ಮೇಲಿನ ತೆರಪಿನಲ್ಲಿ ಪೌಡರ್ ಹೊಡೆಯಿರಿ. ಬಾನೆಟ್ ತಗಡು ಕಾದಿರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ಉರಿಯ ನಾಲಿಗೆಗಲ್ಲ, ಅದರ ಬುಡಕ್ಕೆ ಗುರಿಯಿಟ್ಟು ಅತ್ತಿತ್ತ ಬೀಸಿ.

5. ಪೆಟ್ರೋಲ್ ಬೆಂಕಿಗೆ ನೀರು ಹಾಕಬೇಡಿ, ಪೆಟ್ರೋಲ್ ನೀರಿನ ಮೇಲೆ ತೇಲಿ ಹರಡುತ್ತದೆ. ನೆಲಕ್ಕೆ ಸುರಿದದ್ದಕ್ಕೆ ಮರಳು, ಮಣ್ಣು ಹಾಕಬಹುದು.

6. ಸಿಲಿಂಡರ್ ಖಾಲಿಯಾಯಿತು, ಉರಿ ಆರಲಿಲ್ಲ ಅಂದರೆ ಬಿಟ್ಟು ನಡೆಯಿರಿ. ಉರಿ ಡ್ಯಾಶ್‌ಬೋರ್ಡ್ ತನಕ ಬಂದಿದ್ದರೆ ಮೊದಲಿಗೇ ಹತ್ತಿರ ಹೋಗಬೇಡಿ. ಅಪ್ಪನ ಗಾಡಿ, ನೆನಪಿನ ಗಾಡಿ, ಎಲ್ಲ ನಿಜ. ಆದರೂ ಬಿಟ್ಟುಬಿಡಿ.

ಒಂದೇ ಒಂದು ಬೇರೆ ಸಂದರ್ಭ ಇದೆ. ಸೆಲ್ಫ್ ಹೊಡೆಯುವಾಗ ಕಾರ್ಬುರೇಟರ್ ಬಾಯಲ್ಲಷ್ಟೇ ಸಣ್ಣ ಉರಿ ಕಂಡರೆ ಸೆಲ್ಫ್ ನಿಲ್ಲಿಸಬೇಡಿ, ಕೆಲವು ಸೆಕೆಂಡ್ ಮುಂದುವರಿಸಿ. ಎಂಜಿನ್ ಆ ಉರಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಹೊರಗೆಲ್ಲೂ ಪೆಟ್ರೋಲ್ ಸುರಿದಿಲ್ಲದಿದ್ದರೆ ಮಾತ್ರ ಇದು.

ಆರಿದ ಮೇಲೆ

ಉರಿ ಆರಿತು ಅಂತ ಬಾನೆಟ್ ತಕ್ಷಣ ಎತ್ತಬೇಡಿ. ಅರ್ಧ ಗಂಟೆಯಾದರೂ ಕಾಯಿರಿ. ಫೋಟೋ ತೆಗೆದಿಟ್ಟುಕೊಂಡು ವಿಮೆ ಕಂಪನಿಗೆ ಅವತ್ತೇ ತಿಳಿಸಿ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ನಿಮ್ಮ ಗಾಡಿ ಸುಟ್ಟದ್ದಕ್ಕೆ ಏನೂ ಸಿಗುವುದಿಲ್ಲ. ಎಷ್ಟೋ ಹಳೇ ಗಾಡಿಗಳಿಗೆ ಇರುವುದು ಅದೊಂದೇ. ಐದು ವರ್ಷ ದಾಟಿದ ಗಾಡಿಯ ಬೆಲೆಯನ್ನು ನೀವೂ ಕಂಪನಿಯೂ ಮಾತಾಡಿ ಒಪ್ಪಿಕೊಳ್ಳಬಹುದು. ಮುಂದಿನ ಸಲ ಪಾಲಿಸಿ ಕಟ್ಟುವಾಗ ಗಾಡಿಯ ಫೋಟೋ, ಖರ್ಚು ಮಾಡಿದ ಬಿಲ್ಲುಗಳ ಜೊತೆ ಹೋಗಿ ಕೇಳಿ.

ಎಬಿಸಿ ಪೌಡರ್ ತೇವ ಹಿಡಿದರೆ ಲೋಹವನ್ನು ತಿನ್ನುತ್ತದೆ. ಮೊದಲು ಒಣ ಬ್ರಷ್, ಗಾಳಿಯಿಂದ ಉದುರಿಸಿ, ಆಮೇಲೆ ತೊಳೆಸಿ. ಬಿಸಿ ತಾಗಿದ ಎಲ್ಲ ರಬ್ಬರ್ ಪೈಪು, ವೈರು, ಬ್ರೇಕ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ. ಅಷ್ಟಾಗುವ ತನಕ ಗಾಡಿಯನ್ನು ಎಳೆದೊಯ್ಯಬೇಕೇ ಹೊರತು ಓಡಿಸಬಾರದು. ಬ್ಯಾಟರಿ ತಂತಿ ಬಿಚ್ಚಿ ಇನ್ಸುಲೇಷನ್ ಟೇಪ್ ಸುತ್ತಿಡಿ, ಕೀ ನಿಮ್ಮ ಜೇಬಿನಲ್ಲೇ ಇರಲಿ. ಕುಡುತಿನಿಯಲ್ಲಿ ಅವತ್ತು ಟೋಯಿಂಗ್ ಹುಡುಗ "ಒಮ್ಮಿ ಸೆಲ್ಫ್ ಹೊಡದು ನೋಡೂಣೇನ್ರಿ?" ಅಂದಿದ್ದ. ಪೈಪಿನ ಸೀಳಿನಿಂದ ಆಗಲೂ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು.